ಮೇನ್ ಇಳಿಸಿದ್ರೂ ಇನ್ವರ್ಟರ್ ಬಿಡೋದಿಲ್ಲ

ಅನು, ನಿನ್ನ ಮೆಸೇಜ್ ನೋಡಿದೆ. ಮಂಗಳೂರಿನ ಕದ್ರಿಯ ಬಾಡಿಗೆ ಫ್ಲ್ಯಾಟಿನ ಹಾಲಲ್ಲಿ ಹಳೆ ಚೋಕ್ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಬ್ಯಾಟನ್ (ಉದ್ದ ಪಟ್ಟಿ ಲೈಟ್) ಹಾಕ್ಬೇಕು, ಊಟದ ಮೇಜಿನ ಮೇಲೆ ಒಂದು ತೂಗುವ ಲೈಟ್ ಬೇಕು, ಸ್ವಿಚ್ ಆಫ್ ಮಾಡಿದ್ರೆ ಸಾಕಾ ಅಂತ ಕೇಳಿದ್ದೀಯಲ್ಲ, ಸಾಲದು ಮಾರಾಯ್ತಿ. ಸ್ವಿಚ್ ಕಡಿಯುವುದು ಒಂದೇ ವೈರನ್ನು. ಹಳೆ ವೈರಿಂಗಲ್ಲಿ ಕೆಲವು ಕಡೆ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ವೈರಿನ ಬದಲು ವಾಪಸ್ ಹೋಗುವ ನ್ಯೂಟ್ರಲ್ಲಿಗೆ ಹಾಕಿರ್ತಾರೆ. ಆಗ ಲೈಟ್ ಆರಿದ್ರೂ ಮೇಲೆ 230 ವೋಲ್ಟ್ ಹಾಗೇ ಇರ್ತದೆ.

ಅದಕ್ಕಿಂತ ದೊಡ್ಡ ಅಪಾಯ ಇನ್ವರ್ಟರ್. ನೀನು ಮೇನ್ ಇಳಿಸಿದ ಕೂಡ್ಲೇ ಅದು ಕರೆಂಟ್ ಹೋಯ್ತು ಅಂದ್ಕೊಂಡು ತಾನೇ ಲೈಟಿಗೆ ಸಪ್ಲೈ ಕೊಡ್ತದೆ. ಬರೀ ಇನ್ವರ್ಟರ್ ಆಫ್ ಮಾಡಿದ್ರೂ ಆಗೋದಿಲ್ಲ, ಹೆಚ್ಚಿನವುಗಳಲ್ಲಿ ಮೇನ್ ಕರೆಂಟ್ ಅದರ ಒಳಗಿಂದಲೇ ದಾಟಿ ಹೋಗ್ತದೆ. ಹಾಗಾಗಿ ಮೊದಲು ಇನ್ವರ್ಟರ್ ಆಫ್, ಆಮೇಲೆ ಮೇನ್ ಆಫ್, ಎರಡೂ ಬೇಕು. ಜನರೇಟರ್ ಲೈನ್ ಬೇರೆ ಎಂಸಿಬಿಗೆ (ತೊಂದರೆಯಾದ್ರೆ ತಾನೇ ಬೀಳುವ ಸ್ವಿಚ್) ಬಂದಿದ್ರೆ ಅದನ್ನೂ ಇಳಿಸು. ಮೆಸ್ಕಾಂ ಕರೆಂಟ್ ಹೋದಾಗ ಮಾಡ್ತೇನೆ ಅನ್ಬೇಡ ಮತ್ತೆ, ಅದು ಯಾವ ಗಳಿಗೆಯಲ್ಲಿ ಬರ್ತದೆ ಅಂತ ಯಾರಿಗೂ ಗೊತ್ತಿಲ್ಲ.

ಟೆಸ್ಟರನ್ನು ಮೇನ್ ಇಳಿಸುವ ಮೊದಲೇ ಒಂದು ಪ್ಲಗ್ಗಿಗೆ ಹಾಕಿ ಉರಿಯುತ್ತದಾ ನೋಡ್ಕೋ. ಮೇನ್ ಇಳಿಸಿದ ಮೇಲೆ ಗೋಡೆಯ ಸ್ವಿಚ್ಚನ್ನು ಆನ್ ಮಾಡಿಟ್ಟೇ ಫಿಟ್ಟಿಂಗಿನ ಎಲ್ಲ ವೈರಿಗೂ ಟೆಸ್ಟರ್ ಮುಟ್ಟಿಸು. ಸ್ವಿಚ್ ಆಫ್ ಇದ್ರೆ ಫೇಸ್ ಇದ್ದದ್ದೇ ಗೊತ್ತಾಗ್ಲಿಕ್ಕಿಲ್ಲ. ಬಿಸಿಲಿನ ಬೆಳಕಲ್ಲಿ ಟೆಸ್ಟರಿನ ಸಣ್ಣ ಕೆಂಪು ಕಾಣೋದಿಲ್ಲ, ಕೈ ಅಡ್ಡ ಹಿಡಿದು ನೋಡು. ಬಣ್ಣ ನಂಬ್ಬೇಡ, ಕಪ್ಪು ವೈರಲ್ಲಿ ಫೇಸ್ ಬರುವ ಮನೆಗಳೂ ಉಂಟು.

ಬಿಚ್ಚುವ ಮೊದಲು ಫೋಟೋ ತೆಗಿ. ಚೋಕ್ ಇರುವ ಪಟ್ಟಿ ಭಾರ, ಕೊನೇ ಸ್ಕ್ರೂ ಬಿಚ್ಚುವಾಗ ಕೆಳಗೆ ಒಬ್ಬರು ಹಿಡಿದಿರ್ಲಿ. ಟ್ಯೂಬ್ ಒಡೀಬಾರ್ದು, ಒಳಗೆ ಪಾದರಸ ಇರ್ತದೆ.

ಜೋಡಿಸುವಾಗ ವೈರಿನ ಪ್ಲಾಸ್ಟಿಕ್ 6-8 ಮಿಲಿಮೀಟರ್ ಸುಲಿದ್ರೆ ಸಾಕು. ಹೆಚ್ಚಾದ್ರೆ ತಾಮ್ರ ಹೊರಗೆ ಕಾಣ್ತದೆ, ಕಮ್ಮಿಯಾದ್ರೆ ಸ್ಕ್ರೂ ಪ್ಲಾಸ್ಟಿಕ್ಕನ್ನೇ ಹಿಡೀತದೆ. ಎಳೆಗಳನ್ನು ತಿರುಚಿ ಮಡಚಿ ಕನೆಕ್ಟರಿಗೆ ಹಾಕಿ ಬಿಗಿ ಮಾಡು, ಒಂದೊಂದನ್ನೂ ಎಳೆದು ನೋಡು. ಬರೀ ತಿರುಚಿ ಟೇಪ್ ಸುತ್ತುವುದು ನಮ್ಮ ಊರಿಗೆ ಆಗೋದಿಲ್ಲ: ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ಟೇಪಿನ ಅಂಟು ಬಿಡ್ತದೆ, ತಾಮ್ರ ಹಸಿರಾಗ್ತದೆ, ಜಾಯಿಂಟ್ ಬಿಸಿಯಾಗಿ ಸುಡ್ತದೆ.

ತೂಗುವ ಲೈಟಿಗೆ ಎರಡು ಮಾತು. ಅಲ್ಲಿ ಎರಡೇ ವೈರಿದ್ದು ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್) ಇಲ್ಲದಿದ್ರೆ ಲೋಹದ ಲೈಟ್ ಬೇಡ, ಚೌಕದೊಳಗೆ ಚೌಕದ ಗುರುತಿರುವ, ಅಂದ್ರೆ ಅರ್ತ್ ಬೇಡದ, ಪ್ಲಾಸ್ಟಿಕ್ಕಿನದ್ದು ತಗೋ. ಭಾರ ವೈರಿನ ಮೇಲೆ ಬೀಳ್ಬಾರ್ದು, ಕೊಕ್ಕೆ ಹೊರ್ಬೇಕು.

ಬ್ಯಾಟನಿಗೆ ಹಳೆ ತೂತುಗಳನ್ನೇ ಬಳಸು, ಓನರಿಗೂ ಸಮಾಧಾನ. ಗೋಡೆ ಮುರಕಲ್ಲಿನದ್ದಾದ್ರೆ ಹೊಸ ತೂತು ಪುಡಿಪುಡಿಯಾಗಿ ದೊಡ್ಡದಾಗ್ತದೆ, ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ನಿಲ್ಲೋದಿಲ್ಲ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರ್ಲಿ, ಮಾಮೂಲಿನದ್ದು ತುಕ್ಕು ಹಿಡಿದು ಮುಂದೆ ಬಿಚ್ಲಿಕ್ಕೆ ಬರೋದಿಲ್ಲ. ಹಳೆ ಪಟ್ಟಿಯನ್ನು ಸ್ಕ್ರೂ ಸಮೇತ ಕಟ್ಟಿಡು, ಮನೆ ಬಿಡುವಾಗ ವಾಪಸ್ ಹಾಕ್ಬೇಕು. ಓನರಿಗೆ ಮೆಸೇಜ್ ಹಾಕಿ ಒಪ್ಪಿಗೆ ತಗೊಂಡಿರು.

ಮುಗಿದ ಮೇಲೆ ಮೇನ್ ಎತ್ತಿ, ನಂತರ ಇನ್ವರ್ಟರ್ ಆನ್ ಮಾಡು. ಎಂಸಿಬಿ ಬಿದ್ರೆ ಮತ್ತೆ ಮತ್ತೆ ಎತ್ಬೇಡ, ಎಲ್ಲೋ ವೈರ್ ತಾಗಿದೆ. ಆಫ್ ಮಾಡಿದ್ರೂ ಎಲ್‌ಇಡಿ ಮಿಣಿಮಿಣಿ ಉರಿದ್ರೆ, ಸ್ವಿಚ್ಚಿನಲ್ಲಿ ಇಂಡಿಕೇಟರ್ (ಸಣ್ಣ ದೀಪ) ಉಂಟಾ ನೋಡು, ಅದರಿಂದಲೂ ಹಾಗಾಗ್ತದೆ. ಅದಿಲ್ಲದಿದ್ರೆ ಸ್ವಿಚ್ ನ್ಯೂಟ್ರಲ್ಲಿಗೆ ಹೋಗಿರ್ಬಹುದು, ಎಲೆಕ್ಟ್ರಿಷಿಯನ್ ಬರ್ಲಿ. ಬಿಚ್ಚಿದಾಗ ಸುಟ್ಟ ವೈರ್ ಕಂಡ್ರೆ, ಸ್ಲ್ಯಾಬಿನ ನೀರು ವೈರಿನ ಪೈಪಿನಲ್ಲಿ ಇಳಿದ ಕಲೆ ಕಂಡ್ರೆ ಅಲ್ಲೇ ನಿಲ್ಸು, ಅದು ಓನರಿನ ಕೆಲಸ. ಒಳಗಿನ ವೈರಿನ ಫೋಟೋ ಇಲ್ಲಿ ಹಾಕು, ಅರ್ತ್ ಉಂಟಾ ಇಲ್ವಾ ನೋಡಿ ಹೇಳ್ತೇನೆ, ಲೈಟ್ ಆಮೇಲೆ ತಗೊಂಡ್ರಾಯ್ತು.