ಮಲಗಿದ ಕೂಡಲೇ ಶುರುವಾಗುವ ಚಿಂತೆಗೆ ಯಾವ ಅಭ್ಯಾಸ ಒಳ್ಳೆಯದು?

ಬದಿಯಡ್ಕದಿಂದ: ಅಡಿಕೆಗೆ ಕೊಳೆರೋಗ, ಮಕ್ಕಳ ಫೀಸು, ಬ್ಯಾಂಕಿನ ಕಂತು, ರಾತ್ರಿ ಎಲ್ಲ ಸಾಲಾಗಿ ಬರುತ್ತವೆ. ವರ್ಷಗಟ್ಟಲೆ ನಡೆಸಬಹುದಾದ ಅಭ್ಯಾಸ ಏನುಂಟು?

ಕುಂಬಳೆಯಿಂದ: ಚಿಂತೆಗೊಂದು ಹೊತ್ತು ಗೊತ್ತು ಮಾಡಿ. ದಿನಾ ಸಂಜೆ 5.30ಕ್ಕೆ, 15–20 ನಿಮಿಷ, ಒಂದೇ ಜಾಗ, ಕೈಯಲ್ಲಿ ನೋಟ್‌ಬುಕ್. ಹಾಸಿಗೆಯಲ್ಲಿ ಬೇಡ, ಹಾಸಿಗೆ ಅಂದರೆ ಚಿಂತೆ ಎಂದು ಮನಸ್ಸು ಕಲಿತುಬಿಡುತ್ತದೆ. ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕೈಯಲ್ಲಿರುವುದು: ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಮಳೆಗಾಲಕ್ಕೆ ಮೊದಲೊಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ. ಮದ್ದು ಬಿಡುವವರಿಗೆ ಯಾವತ್ತು ಫೋನ್ ಮಾಡುವುದೆಂದೂ ಬರೆಯಿರಿ. ಬಲಕ್ಕೆ ಕೈಮೀರಿದ್ದು: ಮಳೆ, ಅಡಿಕೆ ಧಾರಣೆ. ಬೇರೆ ಹೊತ್ತಿನಲ್ಲಿ ನೆನಪಾದರೆ ಒಂದು ಪದ ಗೀಚಿ ಸಂಜೆಗೆ ದೂಡಿ. ಮೂರನೇ ದಿನಕ್ಕೇ "ಪ್ರಯೋಜನ ಇಲ್ಲ" ಎಂದು ಬಿಡುವವರೇ ಹೆಚ್ಚು. ಎರಡು-ಮೂರು ವಾರವಾದರೂ ಬೇಕು ಮಾರಾಯ್ರೆ.

ಮಂಜೇಶ್ವರದಿಂದ: ಚಾ, ಕಾಫಿ ಮಧ್ಯಾಹ್ನ 2ಕ್ಕೆ ನಿಲ್ಲಿಸಿ; ಮೈಯಲ್ಲಿ ಕೆಫೀನ್ ಅರ್ಧ ಇಳಿಯಲಿಕ್ಕೇ ಸುಮಾರು 5 ಗಂಟೆ ಬೇಕು. ವಾರಕ್ಕೆ 150 ನಿಮಿಷ ಬಿರುಸು ನಡಿಗೆ. ತೋಟದಲ್ಲಿ ನಿಂತು ನಿಂತು ಹೋಗುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ! ಉಸಿರು ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, 5 ನಿಮಿಷ. ತಲೆ ಹಗುರಾದಂತೆ ಆದರೆ ಜೋರಾಗಿ ಎಳೆಯುತ್ತಿದ್ದೀರಿ, ಮೆಲ್ಲಗೆ ಮಾಡಿ.

ಕುಂಬಳೆಯಿಂದ: ಒಂದು ಬಿಟ್ಟುಹೋಯಿತು. ನಿದ್ದೆ ಕೆಟ್ಟು ಕೆಲಸವೂ ಸಾಗದಿದ್ದರೆ ನೋಟ್‌ಬುಕ್ ಸಾಲದು, ವೈದ್ಯರಿಗೆ ತೋರಿಸಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ.