ಬಿಟ್‌ಕಾಯಿನ್‌ನ ಸ್ಥಾನಕ್ಕೆ ಹೊಸ ನಾಣ್ಯವೊಂದು ಬರಬಹುದೇ?

ಪ್ರಶ್ನೆ:
ಮಾನ್ಯರೇ, ಬಿಟ್‌ಕಾಯಿನ್‌ನಲ್ಲಿ ವಹಿವಾಟುಗಳನ್ನು ದಾಖಲಿಸುವ ಒಂದು ಬ್ಲಾಕ್ ಸಿದ್ಧವಾಗಲು ಸರಾಸರಿ 10 ನಿಮಿಷ ಹಿಡಿಯುತ್ತದೆ. 2011ರಲ್ಲೇ ಬಂದ ಲೈಟ್‌ಕಾಯಿನ್‌ಗೆ ಎರಡೂವರೆ ನಿಮಿಷ ಸಾಕು. ಸೊಲಾನಾಗೆ ಒಂದು ಸೆಕೆಂಡೂ ಬೇಕಿಲ್ಲ. 2017ರ ಡಿಸೆಂಬರ್‌ನಲ್ಲಿ ಸ್ನೇಹಿತರೊಬ್ಬರಿಗೆ ಅಲ್ಪ ಮೊತ್ತವನ್ನು ಕಳುಹಿಸಿ, ಪರದೆಯ ಮೇಲಿನ ‘ಅನ್‌ಕನ್ಫರ್ಮ್ಡ್’ ಎಂಬ ಪದವನ್ನೇ ನೋಡುತ್ತ ನಾನು ರಾತ್ರಿ ಕಳೆದಿದ್ದೇನೆ. ಆ ತಿಂಗಳು ದಿನವೊಂದರ ಸರಾಸರಿ ಶುಲ್ಕ 50 ಡಾಲರ್ ದಾಟಿತ್ತು. ಇಷ್ಟಾದರೂ ಹಳೆಯದೇ ಮುಂದಿದೆಯಲ್ಲ, ಏಕೆ? ನನ್ನಲ್ಲಿರುವುದನ್ನು ಹೊಸ ನಾಣ್ಯಕ್ಕೆ ಬದಲಾಯಿಸಿಕೊಳ್ಳುವುದು ಸೂಕ್ತವೇ?

ಉತ್ತರ 1:
ತಾವು ಹೇಳುವ ಪ್ರಯೋಗ ಈಗಾಗಲೇ ನಡೆದಿದೆ. ಹೆಚ್ಚು ವಹಿವಾಟುಗಳು ಹಿಡಿಯಲೆಂದು ಬ್ಲಾಕ್‌ನ ಗಾತ್ರದ ಮಿತಿಯನ್ನು 1 ಎಂಬಿಯಿಂದ 8 ಎಂಬಿಗೆ ಹೆಚ್ಚಿಸಬೇಕೆಂದು ಪಟ್ಟು ಹಿಡಿದವರು 2017ರ ಆಗಸ್ಟ್ 1ರಂದು ಬೇರೆಯಾಗಿ ಬಿಟ್‌ಕಾಯಿನ್ ಕ್ಯಾಶ್ ಆರಂಭಿಸಿದರು. ಅಂದಿನವರೆಗಿನ ಲೆಕ್ಕದ ಪುಸ್ತಕ ಎರಡಕ್ಕೂ ಒಂದೇ, 2.1 ಕೋಟಿ ನಾಣ್ಯಗಳ ಮಿತಿಯೂ ಒಂದೇ, ಮೈನಿಂಗ್ (ಹೊಸ ಬ್ಲಾಕ್‌ಗಳನ್ನು ಸಿದ್ಧಪಡಿಸುವ ಕೆಲಸ) ಯಂತ್ರಗಳೂ ಅವೇ. ಶುಲ್ಕವಂತೂ ತೀರಾ ಕಡಿಮೆ. ಆದರೂ ಇಂದು ಅದರ ಬೆಲೆ ಮೂಲ ನಾಣ್ಯದ ನೂರರಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ತಂತ್ರಾಂಶದ ಕೋಡನ್ನು ಯಾರು ಬೇಕಾದರೂ ನಕಲು ಮಾಡಬಹುದು, ಆದರೆ 2009ರಿಂದ ಒಂದೊಂದಾಗಿ ಬಂದು ಸೇರಿದ ಮೈನರ್‌ಗಳನ್ನೂ ವಿನಿಮಯ ಕೇಂದ್ರಗಳನ್ನೂ ಹಿಡಿದಿಟ್ಟುಕೊಂಡಿರುವ ಜನರನ್ನೂ ನಕಲು ಮಾಡಲಾಗದು ಎಂಬುದನ್ನು ನಾನು ಅಲ್ಲಿಯೇ ಕಲಿತೆ. ಮೈನಿಂಗ್ ಶಕ್ತಿ ಕಡಿಮೆಯಿರುವ ಜಾಲದ ಗತಿ ಏನೆಂಬುದಕ್ಕೆ ಇಥೀರಿಯಂ ಕ್ಲಾಸಿಕ್ ಎಂಬ ನಾಣ್ಯ ಸಾಕ್ಷಿ: 2020ರ ಆಗಸ್ಟ್ ಒಂದೇ ತಿಂಗಳಲ್ಲಿ ದಾಳಿಕೋರರು ಅದರ ಬಹುಪಾಲು ಶಕ್ತಿಯನ್ನು ಹಲವು ಬಾರಿ ವಶಪಡಿಸಿಕೊಂಡು, ಮುಗಿದುಹೋಗಿದ್ದ ವಹಿವಾಟುಗಳನ್ನೇ ಅಳಿಸಿ ಬರೆದರು.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅದು ಅರ್ಧ ಸತ್ಯ. ಹಣ ಕಳುಹಿಸುವ ದಿನನಿತ್ಯದ ಕೆಲಸವನ್ನು ಡಾಲರ್‌ಗೆ ಜೋಡಿಸಿದ ಸ್ಟೇಬಲ್‌ಕಾಯಿನ್‌ಗಳು ಬಹುಮಟ್ಟಿಗೆ ಕಿತ್ತುಕೊಂಡಿವೆ. ಸ್ಮಾರ್ಟ್ ಕಾಂಟ್ರ್ಯಾಕ್ಟ್‌ಗಳ (ಜಾಲದಲ್ಲಿ ತಾವಾಗಿಯೇ ಜಾರಿಯಾಗುವ ಒಪ್ಪಂದದ ಪ್ರೋಗ್ರಾಂಗಳ) ಕ್ಷೇತ್ರ 2015ರಲ್ಲಿ ಬಂದ ಇಥೀರಿಯಂನ ಪಾಲಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಅದು ಮೈನಿಂಗನ್ನೇ ಕೈಬಿಟ್ಟು ತನ್ನ ವಿದ್ಯುತ್ ಬಳಕೆಯನ್ನು ಶೇ. 99ಕ್ಕಿಂತ ಹೆಚ್ಚು ತಗ್ಗಿಸಿತು. ಬಿಟ್‌ಕಾಯಿನ್‌ಗೆ ಉಳಿದಿರುವುದು ಚಿನ್ನದಂತೆ ಕೂಡಿಡುವ ಕೆಲಸ. ಅಲ್ಲಿಯೂ ನನ್ನನ್ನು ಕಾಡುವ ಸಂಗತಿಯೊಂದಿದೆ: ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುವ ಮೈನರ್‌ಗಳ ಪ್ರತಿಫಲ 2024ರ ಏಪ್ರಿಲ್‌ನಲ್ಲಿ ಬ್ಲಾಕ್‌ಗೆ 3.125 ನಾಣ್ಯವಾಯಿತು. ಇದು ಹೀಗೆಯೇ ಕರಗುತ್ತ ಹೋದರೆ ಜಾಲದ ಕಾವಲಿನ ಖರ್ಚನ್ನು ಶುಲ್ಕವೇ ಹೊರಬೇಕು. ಹೊಸಬರಿಗೆ ನಿಜವಾದ ಅವಕಾಶ ಇರುವುದು ವೇಗದಲ್ಲಲ್ಲ, ಈ ಬಿರುಕಿನಲ್ಲಿ ಎಂಬುದು ನನ್ನ ಅಭಿಪ್ರಾಯ.

ಉತ್ತರ 3:
ಬದಲಾಯಿಸುವ ಬಗ್ಗೆ ಕೇಳಿದ್ದೀರಿ. ನಮ್ಮ ದೇಶದಲ್ಲಿ ಒಂದು ನಾಣ್ಯವನ್ನು ಕೊಟ್ಟು ಇನ್ನೊಂದನ್ನು ಪಡೆಯುವುದೂ ವರ್ಗಾವಣೆಯೇ. 2022ರ ಏಪ್ರಿಲ್ 1ರಿಂದ ಅದರ ಲಾಭಕ್ಕೆ ಶೇ. 30 ತೆರಿಗೆಯಿದೆ, ಮೇಲೆ ಸೆಸ್. ಹೊಸ ನಾಣ್ಯದಲ್ಲಿ ಮುಂದೆ ನಷ್ಟವಾದರೆ ಅದನ್ನು ಹಳೆಯದರ ಲಾಭದಿಂದ ಕಳೆಯಲು ಅವಕಾಶವಿಲ್ಲ. ಆದ್ದರಿಂದ ಮೊದಲು ಕೊಂಡ ಬೆಲೆಯ ದಾಖಲೆಗಳನ್ನು ಎದುರಿಗಿಟ್ಟುಕೊಂಡು ತೆರಿಗೆಯ ಮೊತ್ತವನ್ನು ಲೆಕ್ಕಹಾಕಿ, ಆನಂತರ ನಿರ್ಧರಿಸಿರಿ.