ನಿಲ್ದಾಣದಲ್ಲಿ ಎರಡು ಖಾಕಿ: ರೈಲ್ವೆ ರಕ್ಷಣಾ ದಳ ಯಾರಿಗೆ ಉತ್ತರ ಕೊಡಬೇಕು?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಮೂರು ದಿನಗಳ ಹಿಂದೆ ನಸುಕಿನಲ್ಲಿ ನನ್ನ ತಮ್ಮ ಸಾಮಾನ್ಯ ಬೋಗಿಯಲ್ಲಿ ಬೆಂಗಳೂರಿಗೆ ಬರುತ್ತಿದ್ದಾಗ, ದಾರಿಯ ಒಂದು ನಿಲ್ದಾಣದಲ್ಲಿ ಖಾಕಿ ತೊಟ್ಟ ಇಬ್ಬರು ಹತ್ತಿ ಟಿಕೆಟ್ ಕೇಳಿದರು. ಅವನು ಟಿಕೆಟ್ ತೋರಿಸಿದ. ಆದರೂ ಚೀಲದಲ್ಲಿದ್ದ ಎರಡು ಹೊಸ ಮೊಬೈಲ್‌ಗಳಿಗೆ ಬಿಲ್ ಇಲ್ಲವೆಂದು ಕೆಳಗಿಳಿಸಿ, ಎರಡು ಗಂಟೆ ಕೊಠಡಿಯಲ್ಲಿ ಕೂರಿಸಿ, ಎರಡು ಸಾವಿರ ರೂಪಾಯಿ ಪಡೆದು ರಸೀದಿ ಕೊಡದೆ ಬಿಟ್ಟರು. ಅವರು ಪೊಲೀಸರೋ ರೈಲ್ವೆಯವರೋ ಅವನಿಗೆ ಗೊತ್ತಾಗಲಿಲ್ಲ. ನಾವು ಯಾರಿಗೆ ದೂರು ಕೊಡಬೇಕು?

ಉತ್ತರ: ನಮಸ್ಕಾರ ಮೇಡಂ. ಅವರು ಯಾರೆಂಬುದನ್ನೇ ಮೊದಲು ತಿಳಿಯಬೇಕು, ಏಕೆಂದರೆ ನಿಲ್ದಾಣದಲ್ಲಿ ಕಾಣುವ ಎರಡು ಖಾಕಿಗಳಿಗೆ ಒಡೆಯರು ಬೇರೆ ಬೇರೆ. ರೈಲ್ವೆ ರಕ್ಷಣಾ ದಳ, ಅಂದರೆ ಆರ್‌ಪಿಎಫ್, 1957ರ ಕಾಯ್ದೆಯಡಿ ರಚನೆಯಾಗಿ ಕೇಂದ್ರ ರೈಲ್ವೆ ಸಚಿವಾಲಯದ ಅಧೀನದಲ್ಲಿದೆ. ರೈಲ್ವೆ ಪೊಲೀಸ್, ಅಂದರೆ ಜಿಆರ್‌ಪಿ, ರಾಜ್ಯ ಪೊಲೀಸ್ ಇಲಾಖೆಯ ಅಂಗ. ಸಂವಿಧಾನವು ರೈಲ್ವೆ ಪೊಲೀಸ್ ವ್ಯವಸ್ಥೆಯನ್ನು ರಾಜ್ಯಪಟ್ಟಿಯಲ್ಲಿಯೇ ಇರಿಸಿದೆ. ತಮ್ಮನನ್ನು ಕೂರಿಸಿದ್ದ ಕೊಠಡಿಯ ಫಲಕ, ತೋಳಿನ ಪಟ್ಟಿಯ ಅಕ್ಷರಗಳು, ರೈಲಿನ ಸಂಖ್ಯೆ, ಗಂಟೆ, ಇವುಗಳಲ್ಲಿ ನೆನಪಿರುವುದನ್ನೆಲ್ಲ ಇವತ್ತೇ ಬರೆಸಿಡಿ.

ಆರ್‌ಪಿಎಫ್‌ನ ಮೂಲ ಕೆಲಸ ರೈಲ್ವೆಯ ಸ್ವತ್ತನ್ನು ಕಾಯುವುದಾಗಿತ್ತು. 1985ರ ತಿದ್ದುಪಡಿ ಅದನ್ನು ಕೇಂದ್ರದ ಸಶಸ್ತ್ರ ಪಡೆಯನ್ನಾಗಿ ಮಾಡಿತು. 2003ರ ತಿದ್ದುಪಡಿ ಪ್ರಯಾಣಿಕರ ಮತ್ತು ಅವರು ಓಡಾಡುವ ಜಾಗಗಳ ರಕ್ಷಣೆಯನ್ನೂ ಅದರ ಕರ್ತವ್ಯಕ್ಕೆ ಸೇರಿಸಿತು. ಕಾರಣವಿಲ್ಲದೆ ಸರಪಳಿ ಎಳೆಯುವುದು, ಪರವಾನಗಿ ಇಲ್ಲದೆ ಬೋಗಿಯಲ್ಲಿ ಮಾರಾಟ ಮಾಡುವುದು, ಮಹಿಳೆಯರ ಬೋಗಿಗೆ ಗಂಡಸರು ನುಗ್ಗುವುದು ಮುಂತಾದ ರೈಲ್ವೆ ಕಾಯ್ದೆಯ ಅಪರಾಧಗಳಲ್ಲಿ ಅವರು ವ್ಯಕ್ತಿಯನ್ನು ಹಿಡಿದು, ವಿಚಾರಣೆ ಮಾಡಿ, ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ದಂಡ ವಿಧಿಸುವ ಅಧಿಕಾರ ನ್ಯಾಯಾಲಯದ್ದು, ಪ್ಲಾಟ್‌ಫಾರ್ಮಿನಲ್ಲಿ ನಿಂತ ಸಿಬ್ಬಂದಿಯದ್ದಲ್ಲ. ಟಿಕೆಟ್ ತಪಾಸಣೆ ಟಿಟಿಇಯ ಕೆಲಸ; ಟಿಟಿಇ ಹೆಚ್ಚುವರಿ ದರ ವಸೂಲಿ ಮಾಡಿದರೂ ರಸೀದಿ ಕೊಡಲೇಬೇಕು.

ಮೊಬೈಲ್‌ಗಳ ವಿಷಯದಲ್ಲಿ ಇನ್ನೊಂದು ಗೆರೆ ಇದೆ. 1966ರ ರೈಲ್ವೆ ಸ್ವತ್ತು ಕಾಯ್ದೆ ಆರ್‌ಪಿಎಫ್ ಅಧಿಕಾರಿಗಳಿಗೆ ವಿಚಾರಣೆಯ ಅಧಿಕಾರ ಕೊಟ್ಟಿರುವುದು ರೈಲ್ವೆಯ ಸ್ವತ್ತಿನ ಬಗ್ಗೆ ಮಾತ್ರ. ಪ್ರಯಾಣಿಕನ ಚೀಲದಲ್ಲಿರುವುದು ಕಳವಿನ ಮಾಲು ಎಂಬ ಅನುಮಾನ ಬಂದರೆ ಅವರು ಆತನನ್ನು ತಡಮಾಡದೆ ಪೊಲೀಸರ ವಶಕ್ಕೆ ಕೊಡಬೇಕಿತ್ತು. ಎರಡು ಗಂಟೆ ಕೂರಿಸಿ ಎಲ್ಲಿಯೂ ದಾಖಲಿಸದೆ ಬಿಟ್ಟಿದ್ದರೆ, ‘ಸುಮ್ಮನೆ ಕೂರಿಸಿಕೊಂಡಿದ್ದೆವು’ ಎಂಬ ಸಮಜಾಯಿಷಿಗೆ ಕಾನೂನಿನಲ್ಲಿ ಜಾಗವಿಲ್ಲ. ಬಂಧಿಸಿದ್ದರೆ ಸಂವಿಧಾನದ 22ನೇ ವಿಧಿಯಂತೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧಿಸಿಲ್ಲವೆಂದಾದರೆ ತಡೆದು ಕೂರಿಸುವ ಹಕ್ಕೇ ಅವರಿಗಿರಲಿಲ್ಲ.

ಈಗ ಗಡುವುಗಳ ಮಾತು. ಇದನ್ನು ದಯವಿಟ್ಟು ಎರಡು ಸಲ ಓದಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವನೂ ಅಪರಾಧಿಯೇ. ಆದರೆ ಒತ್ತಾಯಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅವನಿಗೆ ರಕ್ಷಣೆ ಇದೆ. ನಿಮಗೆ ಉಳಿದಿರುವುದು ನಾಲ್ಕು ದಿನ. ಆರ್‌ಪಿಎಫ್ ಸಿಬ್ಬಂದಿ ಕೇಂದ್ರ ನೌಕರರಾದ್ದರಿಂದ ಸಿಬಿಐನ ಭ್ರಷ್ಟಾಚಾರ ನಿಗ್ರಹ ವಿಭಾಗಕ್ಕೆ, ಜಿಆರ್‌ಪಿಯಾದರೆ ಕರ್ನಾಟಕ ಲೋಕಾಯುಕ್ತಕ್ಕೆ ಬರೆಯಬೇಕು. ಯಾರೆಂಬುದು ಖಚಿತವಿಲ್ಲದ ನಿಮ್ಮ ಸ್ಥಿತಿಯಲ್ಲಿ ಎರಡೂ ಕಡೆಗೆ ಕೊಡಿ. ಇನ್ನೊಂದು ಗಡುವು 1957ರ ಕಾಯ್ದೆಯ 20ನೇ ಕಲಮಿನದು: ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯದ ವಿರುದ್ಧ ಮೊಕದ್ದಮೆ ಹೂಡುವುದಿದ್ದರೆ ಮೂರು ತಿಂಗಳೊಳಗೆ ಹೂಡಬೇಕು, ಅದಕ್ಕೂ ಒಂದು ತಿಂಗಳು ಮೊದಲು ಆ ಸಿಬ್ಬಂದಿಗೂ ಮೇಲಧಿಕಾರಿಗೂ ನೋಟಿಸ್ ಕೊಟ್ಟಿರಬೇಕು. ಸುಲಿಗೆ ಕರ್ತವ್ಯವಾಗುವುದಿಲ್ಲವೆಂದು ವಾದಿಸಬಹುದು, ಆದರೆ ಆ ವಾದವೊಂದನ್ನೇ ನಂಬಿ ದಿನ ಕಳೆಯಬೇಡಿ.

ಇಲಾಖಾ ದೂರನ್ನು ಆರ್‌ಪಿಎಫ್‌ನ ವಿಭಾಗೀಯ ಭದ್ರತಾ ಆಯುಕ್ತರಿಗೆ ಕಳುಹಿಸಿ. ನಿಲ್ದಾಣ ಕರ್ನಾಟಕದಲ್ಲಿದೆ ಎಂದಮಾತ್ರಕ್ಕೆ ಅದು ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿರುವುದಿಲ್ಲ. ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ, ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿದೆ. ಜೊತೆಗೆ, ಆ ಹೊತ್ತಿನ ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಉಳಿಸಬೇಕೆಂದು ಅದೇ ಪತ್ರದಲ್ಲಿ ಕೋರಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಆ ಪಾಳಿಯ ಕರ್ತವ್ಯ ಪಟ್ಟಿ ಕೇಳಿ. ಸಿಆರ್‌ಪಿಎಫ್, ಸಿಐಎಸ್‌ಎಫ್‌ಗಳಿಗೆ ಆ ಕಾಯ್ದೆಯಿಂದ ಇರುವ ವಿನಾಯಿತಿ ಆರ್‌ಪಿಎಫ್‌ಗೆ ಇಲ್ಲ.

ಇನ್ನೊಬ್ಬ ಸದಸ್ಯರು: ನನ್ನ ತಂದೆ ಇದೇ ದಳದಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ಹಗಲು ರಾತ್ರಿ ದುಡಿಯುವ ಎಲ್ಲರನ್ನೂ ಇಬ್ಬರ ತಪ್ಪಿನಿಂದ ಅಳೆಯುವುದು ಸರಿಯೇ ಸರ್?

ಉತ್ತರ: ಸರಿಯಲ್ಲ. ಚಲಿಸುವ ರೈಲು ಹತ್ತಲು ಹೋಗಿ ಜಾರಿದವರನ್ನು ತಮ್ಮ ಜೀವ ಲೆಕ್ಕಿಸದೆ ಎಳೆದುಕೊಂಡವರೂ, ಮನೆ ಬಿಟ್ಟು ಬಂದ ಮಕ್ಕಳನ್ನು ಪ್ಲಾಟ್‌ಫಾರ್ಮಿನಲ್ಲಿ ಗುರುತಿಸಿ ಕಾಪಾಡಿದವರೂ ಇದೇ ದಳದವರು. ನಿಮ್ಮ ತಂದೆಯವರಂಥವರ ಗೌರವ ಉಳಿಯುವುದು ತಪ್ಪು ಮಾಡಿದವರು ಕಾನೂನಿಗೆ ತಲೆಬಾಗಿದಾಗ. 2023ರ ಜುಲೈ 31ರಂದು ಜೈಪುರ–ಮುಂಬೈ ರೈಲಿನಲ್ಲಿ ಬೆಂಗಾವಲಿಗಿದ್ದ ಕಾನ್‌ಸ್ಟೆಬಲ್ ಒಬ್ಬ ತನ್ನ ಮೇಲಧಿಕಾರಿಯನ್ನೂ ಮೂವರು ಪ್ರಯಾಣಿಕರನ್ನೂ ಗುಂಡಿಟ್ಟು ಕೊಂದಾಗ, ಮೊಕದ್ದಮೆ ದಾಖಲಿಸಿದ್ದು ಬೊರಿವಲಿಯ ರೈಲ್ವೆ ಪೊಲೀಸರು. ಇಲಾಖೆ ಅವನನ್ನು ಸೇವೆಯಿಂದ ವಜಾ ಮಾಡಿತು. ಸಮವಸ್ತ್ರ ತೊಟ್ಟವನ ತಪ್ಪನ್ನು ಹೊರಗಿನ ತನಿಖಾಧಿಕಾರಿ ನೋಡುವ ಈ ದಾರಿ ದೊಡ್ಡ ಅಪರಾಧಕ್ಕೆ ಮಾತ್ರ ಮೀಸಲಾಗಬಾರದು.

ಮತ್ತೊಬ್ಬರು: ಸ್ಲೀಪರ್ ಬೋಗಿಯಲ್ಲಿ ಅಮ್ಮನ ಚೀಲ ಕಳವಾದಾಗ ಬೆಂಗಾವಲಿನವರು ‘ಮುಂದಿನ ನಿಲ್ದಾಣದಲ್ಲಿ ಇಳಿದು ಪೊಲೀಸರಿಗೆ ಹೇಳಿ’ ಎಂದರು. ಇಳಿಯಲೇಬೇಕೇ?

ಉತ್ತರ: ಬೇಕಿಲ್ಲ. ಕಳವಿನ ಪ್ರಕರಣ ದಾಖಲಿಸುವುದು ಜಿಆರ್‌ಪಿ ಎಂಬುದು ನಿಜ, ಆದರೆ ದೂರಿನ ನಮೂನೆ ಟಿಟಿಇ, ಗಾರ್ಡ್ ಮತ್ತು ಬೆಂಗಾವಲಿನವರ ಬಳಿ ಇರುತ್ತದೆ; ತುಂಬಿ ಕೊಟ್ಟರೆ ಪ್ರಯಾಣ ಮುಂದುವರಿಸಬಹುದು. ರೈಲ್ವೆ ಸಹಾಯವಾಣಿ 139ಕ್ಕೂ ಕರೆ ಮಾಡಿ. ಹಳೆಯ 182 ಸಂಖ್ಯೆ 2021ರಲ್ಲಿ ಅದರಲ್ಲಿಯೇ ವಿಲೀನವಾಗಿದೆ. ಪರಿಹಾರದ ಆಸೆ ಮಾತ್ರ ಹೆಚ್ಚು ಇಟ್ಟುಕೊಳ್ಳಬೇಡಿ. ಪ್ರಯಾಣಿಕ ತನ್ನ ಬಳಿಯೇ ಇಟ್ಟುಕೊಂಡ ವಸ್ತು ಕಳವಾದರೆ ಅದು ರೈಲ್ವೆಯ ಸೇವಾನ್ಯೂನತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ಹೇಳಿದೆ.

ಮೊದಲ ಪ್ರಶ್ನೆ ಕೇಳಿದವರು: ಸರ್, ಈಗಷ್ಟೇ ತಮ್ಮನನ್ನು ಕೇಳಿದೆ. ಬಿಡುವ ಮೊದಲು ಒಂದು ಹಾಳೆಗೆ ಸಹಿ ಹಾಕಿಸಿಕೊಂಡರಂತೆ, ಓದಲು ಬಿಡಲಿಲ್ಲವಂತೆ.

ಉತ್ತರ: ಹಾಗಿದ್ದರೆ ನಾಲ್ಕು ದಿನ ಕಾಯಬೇಡಿ, ಈ ರಾತ್ರಿಯೇ ದೂರು ಬರೆಯಿರಿ. 1966ರ ಕಾಯ್ದೆಯಡಿ ವಿಚಾರಣೆ ನಡೆಸುವ ಆರ್‌ಪಿಎಫ್ ಅಧಿಕಾರಿ ‘ಪೊಲೀಸ್ ಅಧಿಕಾರಿ’ ಅಲ್ಲವೆಂದು ಸುಪ್ರೀಂ ಕೋರ್ಟ್ 1980ರಲ್ಲಿಯೇ ತೀರ್ಪು ಕೊಟ್ಟಿದೆ. ಹೀಗಾಗಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪದ ನಿಯಮ ಅಂಥ ಹೇಳಿಕೆಗೆ ಅನ್ವಯಿಸುವುದಿಲ್ಲ. ಓದಿಸದೆ ಸಹಿ ಪಡೆದರು, ಪ್ರತಿ ಕೊಡಲಿಲ್ಲ ಎಂಬುದನ್ನು ದೂರಿನ ಮೊದಲ ಪ್ಯಾರಾದಲ್ಲಿಯೇ ತಮ್ಮನ ಕೈಬರಹದಲ್ಲಿ ಬರೆಸಿ, ಬೆಳಿಗ್ಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿಯ ಚಿತ್ರವನ್ನು ನನಗೆ ಹಾಕಿ. ಮೊಬೈಲ್‌ಗಳನ್ನು ಕೊಂಡ ಅಂಗಡಿಯಿಂದ ಬಿಲ್ಲಿನ ಪ್ರತಿಯನ್ನೂ ನಾಳೆಯೇ ತರಿಸಿಕೊಳ್ಳಿ.